ಪಾಲಿಪ್ ಮತ್ತೆ ಬೆಳೆಯದಂತೆ ಮೂಗು ತೊಳೆಸಿದ ನನ್ನ ಅನುಭವ

ಮೂಗಿನ ಪಾಲಿಪ್‌ಗೆ (ದುರ್ಮಾಂಸ) ಫೆಸ್, ಅಂದರೆ ಎಂಡೋಸ್ಕೋಪ್ ಹಾಕಿ ಸೈನಸ್ (ಮೂಗಿನ ಸುತ್ತಲ ಮೂಳೆಯ ಪೊಳ್ಳು) ತೆರೆಯುವ ಆಪರೇಷನ್, ಆದ ಮೇಲೆ ಬ್ಯುಡೆಸೊನೈಡ್ ಎಂಬ ಸ್ಟೀರಾಯ್ಡ್ ಬೆರೆಸಿದ ಉಪ್ಪುನೀರಿನಲ್ಲಿ ಮೂಗು ತೊಳೆಸಲು ಶುರು ಮಾಡಿ ಆರೇಳು ವರ್ಷ ಆಗಿರಬೇಕು. ಆಗ ನಮ್ಮ ಕಡೆಯ ಇಎನ್‌ಟಿ ಗೆಳೆಯರೆಲ್ಲ ಒಂದೇ ಮಾತು ಹೇಳಿದರು: "ಸ್ಪ್ರೇನೇ ನೆಟ್ಟಗೆ ಹೊಡೆಯದ ಜನ, ದಿನಾ ಎರಡು ಹೊತ್ತು ಬಾಟಲಿ ಹಿಡಿದು ನಿಲ್ತಾರಾ?" ನಿಂತರು. ಎರಡೂ ಕಡೆ ಪಾಲಿಪ್ ಇದ್ದ ಅರವತ್ತರ ಆಸುಪಾಸು ರೋಗಿಗಳಲ್ಲಿ ಮತ್ತೆ ಓಟಿಗೆ ಬಂದವರು ನಾಲ್ಕೈದು ಮಂದಿ. ಮೊದಲಾದರೆ ಮೂವರಲ್ಲಿ ಒಬ್ಬರು ಎರಡು ಮೂರು ವರ್ಷಕ್ಕೆ "ಡಾಕ್ಟ್ರೇ, ದುರ್ಮಾಂಸ ಮತ್ತೆ ಬಂತು" ಅಂತ ಬರುತ್ತಿದ್ದರು.

ನಮ್ಮದು ಸಿಂಧನೂರು, ಗಂಗಾವತಿ ಕಡೆಯ ಭತ್ತದ ಸೀಮೆ. ಶಿಲೀಂಧ್ರದ ಅಲರ್ಜಿಯಿಂದ ಸೈನಸ್ ಕಟ್ಟುವ ಅಲರ್ಜಿಕ್ ಫಂಗಲ್ ಕೇಸು ಇಲ್ಲಿ ಹೊಸದೇನಲ್ಲ. ಒಳಗಿನ ಅಂಟು ಗೊಣ್ಣೆಯನ್ನು ಮೂಲೆಮೂಲೆಯಿಂದ ಬಳಿದು ತೆಗೆಯದಿದ್ದರೆ ಯಾವ ನೀರೂ ಕೆಲಸ ಮಾಡುವುದಿಲ್ಲ.

ಮೊದಲು ಬರೀ ಸ್ಟೀರಾಯ್ಡ್ ಸ್ಪ್ರೇ ಕೊಟ್ಟು ನೋಡಿದೆ. ಅದು ಮೂಗಿನ ಮುಂಭಾಗದಲ್ಲೇ ಉಳಿಯಿತು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟಾಗ ವಾಸನೆ ತಿಳಿಯುವ ಶಕ್ತಿ ವಾರದಲ್ಲಿ ಮರಳಿತು, ನಿಲ್ಲಿಸಿದ ತಿಂಗಳೊಳಗೆ ಹೋಯಿತು. ಮಾತ್ರೆಗೆ ಸಕ್ಕರೆ ಏರುವುದರಿಂದ ಶುಗರ್ ಇದ್ದವರ ಪಾಡು ಕೇಳಬೇಡಿ. ಜಲನೇತಿ ಪಾತ್ರೆ ಜನಕ್ಕೆ ಇಷ್ಟವಾಯಿತು, ಯೋಗ ಶಿಬಿರದಲ್ಲಿ ಕಲಿತವರೂ ಇದ್ದರು. ಆದರೆ ತೊಳೆದ ತಕ್ಷಣ ಸ್ಕೋಪ್ ಹಾಕಿ ನೋಡಿದರೆ ಮ್ಯಾಕ್ಸಿಲ್ಲರಿಯಲ್ಲಿ (ಕೆನ್ನೆಯ ಸೈನಸ್) ನೀರು ನಿಂತಿರುತ್ತಿತ್ತು, ಫ್ರಂಟಲ್ (ಹಣೆಯ ಸೈನಸ್) ಕಡೆ ಒಣಗಿಯೇ ಇರುತ್ತಿತ್ತು. ಒತ್ತುವ ಬಾಟಲಿಗೆ ಬದಲಾಯಿಸಿ, ಬೇಸಿನ್ ಮೇಲೆ ನೆತ್ತಿ ನೆಲ ನೋಡುವ ಹಾಗೆ ಬಗ್ಗಿಸಿದ ಮೇಲೆ ಫ್ರಂಟಲ್ ಕಡೆಯೂ ಒದ್ದೆಯಾಯಿತು.

ಆಪರೇಷನ್‌ನಲ್ಲಿ ತೆರೆದ ಸೈನಸ್ ದ್ವಾರ ಚಿಕ್ಕದಿದ್ದರೆ ಇದ್ಯಾವುದೂ ಸುಮ್ನೆ. 4 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ನೀರು ಒಳಗೆ ಹೋಗುವುದು ಕಷ್ಟ. ಅದಕ್ಕೇ ಪಾಲಿಪ್ ಕೇಸಿನಲ್ಲಿ ನಾನು ಪೂರ್ತಿ ತೆರೆಯುತ್ತೇನೆ. ಫ್ರಂಟಲ್ ರಿಸೆಸ್ (ಹಣೆಯ ಸೈನಸ್‌ನಿಂದ ಮೂಗಿಗೆ ಇಳಿಯುವ ದಾರಿ) ಮತ್ತೆ ಮುಚ್ಚದಂತೆ ಕೊನೆಯಲ್ಲಿ ಒಂದು ಕೆಲಸ ಮಾಡುತ್ತೇನೆ. ಅದನ್ನು ಬರೆದು ತಿಳಿಸಲು ಆಗುವುದಿಲ್ಲ, ನಮ್ಮ ಓಟಿಗೆ ಬಂದವರಿಗೆ ಖಂಡಿತ ತೋರಿಸುತ್ತೇನೆ.

ಒಂದು ಹೊತ್ತಿನ ಅಳತೆ ಇಷ್ಟೇ. 240 ಎಂ.ಎಲ್. ಕುದಿಸಿ ಆರಿಸಿದ ನೀರು, ಅರ್ಧ ಟೀ ಚಮಚಕ್ಕೆ ತುಸು ಕಡಿಮೆ ಉಪ್ಪು, ಚಿಟಿಕೆ ಅಡುಗೆ ಸೋಡಾ, ನೆಬ್ಯುಲೈಸರ್‌ಗೆಂದು ಬರುವ 0.5 ಎಂ.ಜಿ. ಬ್ಯುಡೆಸೊನೈಡ್ ರೆಸ್ಪ್ಯೂಲ್ (ದ್ರವ ಔಷಧದ ಪುಟ್ಟ ಪ್ಲಾಸ್ಟಿಕ್ ಕೊಳವೆ) ಒಂದು. ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ಆದರೂ ಕುದಿಸಲೇಬೇಕು. ಮೂಗಿಗೆ ಹೋಗುವ ನೀರಿನಲ್ಲಿ ಅಮೀಬಾ ಭಯ ಇದ್ದೇ ಇದೆ, ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಬಾಟಲಿ ಮೂರು ತಿಂಗಳಿಗೊಮ್ಮೆ ಹೊಸದು.

ಇನ್ನು ದುಡ್ಡಿನ ಮಾತು. ರೆಸ್ಪ್ಯೂಲ್ ಒಂದಕ್ಕೆ ಇಪ್ಪತ್ತರ ಮೇಲೆ, ತಿಂಗಳಿಗೆ ಸಾವಿರದ ಮುನ್ನೂರು ನಾನೂರು ಬೀಳುತ್ತಿತ್ತು. ಮಿಲ್ಲಿನ ಹಮಾಲಿಗೆ ಇದು ದೊಡ್ಡ ಮೊತ್ತ. ಮೊದಲ ವರ್ಷ ಬಿಟ್ಟುಹೋದವರಲ್ಲಿ ಹೆಚ್ಚಿನವರು ದುಡ್ಡಿಗಾಗಿಯೇ ಬಿಟ್ಟರು, ಸೋಮಾರಿತನಕ್ಕಲ್ಲ. ಮೆಡಿಕಲ್ ಶಾಪಿನವರ ಜೊತೆ ಕೂತು ಮಾತಾಡಿ, ಪೂರ್ತಿ ಬಾಕ್ಸ್ ತೆಗೆದುಕೊಂಡರೆ ಕಡಿಮೆಗೆ ಕೊಡಿಸಿದೆ. ಡ್ಯುಪಿಲುಮ್ಯಾಬ್ ಎಂಬ ಇಂಜೆಕ್ಷನ್‌ಗೆ ಪಾಲಿಪ್ ಚಿಕಿತ್ಸೆಗೆಂದು 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಒಳ್ಳೆಯ ಔಷಧವೇ, ಆದರೆ ಅದರ ಬೆಲೆ ಕೇಳಿ ನಮ್ಮ ರೋಗಿಗಳು ಎದ್ದು ಹೋಗುತ್ತಾರೆ.

ಸ್ಟೀರಾಯ್ಡ್ ಮೈಗೆ ಸೇರುತ್ತದೆಯೇ ಅಂತ ಎಂಟು ಹತ್ತು ಮಂದಿಗೆ ಬೆಳಗಿನ ಕಾರ್ಟಿಸೋಲ್ (ದೇಹ ತಾನೇ ತಯಾರಿಸುವ ಸ್ಟೀರಾಯ್ಡ್) ಪರೀಕ್ಷೆ ಮಾಡಿಸಿದೆ, ಎಲ್ಲ ಮಿತಿಯಲ್ಲೇ ಇತ್ತು. ಲ್ಯಾಬ್ ಬಿಲ್ ನಾನೇ ಕಟ್ಟಿದೆ. ಸ್ಟೀರಾಯ್ಡ್‌ನಿಂದ ಕಣ್ಣಿನ ಒತ್ತಡ ಏರಬಹುದೆಂದು ಗ್ಲಾಕೋಮಾ ಇದ್ದವರನ್ನು ಮಾತ್ರ ಕಣ್ಣಿನ ಡಾಕ್ಟರ ಹತ್ತಿರ ಕಳಿಸುತ್ತೇನೆ. ಜೇನುತುಪ್ಪ ಬೆರೆಸಿಯೂ ನೋಡಿದೆ. ಬಾಟಲಿ ಅಂಟಾಯಿತು, ಇರುವೆ ಬಂತು, ಲಾಭ ಕಾಣಲಿಲ್ಲ.

ಸ್ಯಾಮ್ಟರ್ಸ್ (ಪಾಲಿಪ್ ಜೊತೆಗೆ ಆಸ್ತಮಾ, ಆಸ್ಪಿರಿನ್ ಆಗದಿರುವುದು) ಇರುವವರಲ್ಲಿ ಈಗಲೂ ಸೋಲು ಜಾಸ್ತಿ. ಮತ್ತೆ ಬಂದ ಆ ನಾಲ್ಕೈದು ಮಂದಿಯಲ್ಲಿ ಹೆಚ್ಚಿನವರು ಅವರೇ. ಉಳಿದವರಲ್ಲಿ ಎರಡು ವರ್ಷ ಸ್ವಚ್ಛ ಇದ್ದವರಿಗೆ ರೆಸ್ಪ್ಯೂಲನ್ನು ದಿನ ಬಿಟ್ಟು ದಿನ, ಒಂದೇ ಹೊತ್ತು ಮಾಡಿದ್ದೇನೆ. ಅವರ ತಿಂಗಳ ಖರ್ಚು ಈಗ ಮುನ್ನೂರೈವತ್ತರ ಒಳಗೆ ಬಂದಿದೆ.