ಕತ್ತರಿ ನಿಲ್ಲಬೇಕು, ಕಾಗದ ತಿರುಗಬೇಕು

ಲೋಟೆ ರೈನಿಗರ್ ಅವರ 'ಪ್ರಿನ್ಸ್ ಅಹ್ಮದ್' ನೋಡಿದ ಮೇಲೆ ನಾನೂ ಕಾಗದದ ಗೊಂಬೆಯನ್ನು ಸ್ವಲ್ಪ ಸ್ವಲ್ಪವೇ ಸರಿಸಿ ಫೋಟೊ ತೆಗೆಯುತ್ತಾ ಒಂದು ನಿಮಿಷದ ನೆರಳು ಚಿತ್ರ ಮಾಡಬೇಕು ಅನ್ನಿಸಿತು. ಬರ್ಲಿನ್‌ನ ಈ ನಿರ್ದೇಶಕಿ 1923ರಿಂದ ಮೂರು ವರ್ಷ ಆ ಚಿತ್ರಕ್ಕಾಗಿ ದುಡಿದರು. ಪೂರ್ಣಾವಧಿ ಅನಿಮೇಷನ್ ಚಿತ್ರಗಳಲ್ಲಿ ಇವತ್ತಿಗೂ ಉಳಿದಿರುವ ಅತಿ ಹಳೆಯದು ಅದೇ.

ನಾನು ಮಾಡಿದ್ದು ಇಷ್ಟು. ಎರಡು ಸ್ಟೂಲಿನ ಮೇಲೆ ಗಾಜು ಇಟ್ಟೆ. ಅದರ ಮೇಲೆ ಬಟರ್ ಪೇಪರ್, ಕೆಳಗೆ ಬಲ್ಬು, ಮೇಲಿನಿಂದ ಕೆಳಕ್ಕೆ ನೋಡುವ ಹಾಗೆ ಮೊಬೈಲು. ರೈನಿಗರ್ ಮೇಜೂ ಹೀಗೇ, ಕೆಳಗಿನಿಂದ ಬೆಳಕು, ಮೇಲೆ ಕ್ಯಾಮೆರಾ. ಅದನ್ನು ನಡೆಸುತ್ತಿದ್ದವರು ಅವರ ಗಂಡ ಕಾರ್ಲ್ ಕೋಖ್. ಪಾಟ್ಸ್‌ಡಾಮ್‌ನಲ್ಲಿ ಒಬ್ಬ ಬ್ಯಾಂಕರ್ ತಮ್ಮ ಗ್ಯಾರೇಜಿನ ಮೇಲೆ ಈ ಕೆಲಸಕ್ಕೆ ಜಾಗ ಕೊಟ್ಟಿದ್ದರು.

ಕಷ್ಟವಾಗಿದ್ದು ಗೊಂಬೆ ಕತ್ತರಿಸೋದು. ನನ್ನ ಗೊಂಬೆ ಹುಡುಗಿಯ ಮೂಗು ಐದು ಸಲ ಕೆಟ್ಟಿತು. ರೈನಿಗರ್ ಕೆಲಸ ಮಾಡುವ ಹಳೇ ಚಿತ್ರತುಣುಕನ್ನು ಮತ್ತೆ ಮತ್ತೆ ನೋಡಿದೆ. ಕತ್ತರಿ ಹಿಡಿದ ಕೈ ಹೆಚ್ಚು ಕಡಿಮೆ ನಿಂತೇ ಇರುತ್ತದೆ, ಎಡಗೈ ಕಾಗದವನ್ನು ತಿರುಗಿಸುತ್ತಾ ಹೋಗುತ್ತದೆ. ಹಾಗೆ ಮಾಡಿದ ದಿನವೇ ಗಲ್ಲದ ಗೆರೆ ನುಣ್ಣಗೆ ಬಂತು. ಎಷ್ಟು ಖುಷಿಯಾಯಿತು ಅಂತೀರಾ!

ಮೊಣಕೈ, ಭುಜ, ಸೊಂಟಕ್ಕೆ ತೆಳು ತಂತಿ ಸುತ್ತಿ ಕೀಲು ಮಾಡಿದೆ. ಆದರೆ ಒಂದು ಕೈ ಸರಿಸಿದರೆ ಇಡೀ ಗೊಂಬೆಯೇ ಜಾರುತ್ತಿತ್ತು. ಫ್ಯಾನ್ ಹಾಕಿದರಂತೂ ಮುಗೀತು. ರೈನಿಗರ್ ಕಾರ್ಡ್‌ಬೋರ್ಡ್ ಜೊತೆ ತೆಳು ಸೀಸದ ತಗಡನ್ನೂ ಬಳಸುತ್ತಿದ್ದರು. ಸೀಸ ಮುಟ್ಟೋದು ಒಳ್ಳೆಯದಲ್ಲ, ಹಾಗಾಗಿ ನಾನು ಭಾರಕ್ಕೆ ಸಣ್ಣ ಕಬ್ಬಿಣದ ವಾಷರ್ ಅಂಟಿಸಿದೆ. ಬೆಳಕು ಹಿಂದಿನಿಂದ ಬರುವುದರಿಂದ ಅಂಚಿನೊಳಗೆ ಏನಿದ್ದರೂ ಕಾಣುವುದು ಕಪ್ಪೇ ಅಲ್ವಾ? ನಮ್ಮ ತೊಗಲು ಗೊಂಬೆಯಲ್ಲಿ ಈ ಉಪಾಯ ನಡೆಯಲ್ಲ. ಅಲ್ಲಿ ಬೆಳಕು ತೊಗಲಿನ ಬಣ್ಣವನ್ನು ದಾಟಿಯೇ ಪರದೆಗೆ ಬರಬೇಕು.

ಸೆಕೆಂಡಿಗೆ 12 ಫೋಟೊ, ನಿಮಿಷಕ್ಕೆ 720. ಹದಿನೊಂದು ದಿನ ಹಿಡಿಯಿತು. ರೈನಿಗರ್ ತಂಡ ತೆಗೆದದ್ದು ಸುಮಾರು ಎರಡೂವರೆ ಲಕ್ಷ ಚಿತ್ರ, ಬಳಸಿದ್ದು 96,000ದಷ್ಟು. ಈ ಲೆಕ್ಕ ಮೊದಲೂ ಓದಿದ್ದೆ. ಬೆನ್ನು ನೋಯುವಾಗ ಅದು ಬೇರೆಯೇ ಆಗಿ ಕಂಡಿತು.

ನನ್ನ ಹುಡುಗಿ ಕೊಡ ಇಳಿಸಿ, ತಲೆ ಎತ್ತಿ ಹಕ್ಕಿ ನೋಡುತ್ತಾಳೆ. ನಡುವೆ ನಾಲ್ಕು ಫೋಟೊ ಸುಮ್ನೆ ನಿಲ್ಲಿಸಿದ್ದೇನೆ. ಅಷ್ಟಕ್ಕೇ ಅವಳು ಏನೋ ಯೋಚಿಸಿದಂತೆ ಕಾಣುತ್ತದೆ.