ಕಿವಿಗೆ ಒಂದೇ, ಕಾಗುಣಿತ ಬೇರೆ: ಇಂಗ್ಲಿಷ್‌ನ ಜೋಡಿ ಪದಗಳನ್ನು ಗುರುತಿಸುವುದು ಹೇಗೆ?

ಕನ್ನಡದಲ್ಲಿ ಓದುಬರಹ ಕಲಿತವರಿಗೆ ಕಿವಿಯ ಮೇಲೆ ಬಹಳ ನಂಬಿಕೆ. ಕೇಳಿದ್ದನ್ನು ಕೇಳಿದ ಹಾಗೆ ಬರೆದರೆ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಈ ನಂಬಿಕೆಯನ್ನು ಇಂಗ್ಲಿಷಿಗೂ ಒಯ್ದಾಗ ತೊಡಕು ಶುರುವಾಗುತ್ತದೆ. ರಜೆ ಅರ್ಜಿಯನ್ನು ಪ್ರಾಂಶುಪಾಲರಿಗೆ ಬರೆಯಲು ಕುಳಿತವರು ‘ತತ್ವ’ಕ್ಕೆ ಬರೆದಿರುತ್ತಾರೆ. ಕಾಗದ, ಪೆನ್ನು ಮಾರುವ ಅಂಗಡಿಯ ಫಲಕ ‘ನಿಂತಲ್ಲೇ ನಿಂತದ್ದು’ ಎಂಬ ಅರ್ಥ ಕೊಡುತ್ತಿರುತ್ತದೆ. ಕಂಪ್ಯೂಟರಿನ ಸ್ಪೆಲ್‌ಚೆಕ್ಕಿಗೂ ಇದು ಎಷ್ಟೋ ಸಲ ತಿಳಿಯುವುದಿಲ್ಲ, ಏಕೆಂದರೆ ಎರಡೂ ನಿಘಂಟಿನಲ್ಲಿರುವ ಪದಗಳೇ.

ಇಂಗ್ಲಿಷ್ ಹೀಗಾದದ್ದಕ್ಕೆ ಕಾರಣವಿದೆ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದ. ಅಚ್ಚಿನಿಂದಾಗಿ ಬರವಣಿಗೆ ನಿಧಾನವಾಗಿ ಗಟ್ಟಿಯಾಗುತ್ತಿದ್ದ ಆ ಕಾಲದಲ್ಲೇ ಜನರ ಬಾಯಲ್ಲಿ ಸ್ವರಗಳು ಬದಲಾಗುತ್ತಿದ್ದವು. ಮಾಂಸ ಎಂಬರ್ಥದ ‘ಮೀಟ್’ ಮತ್ತು ಭೇಟಿಯ ‘ಮೀಟ್’ ಆಗ ಬೇರೆ ಬೇರೆ ಸ್ವರದ ಪದಗಳು. ಕುದುರೆ ಸವಾರ ಯೋಧ ಎಂಬರ್ಥದ ‘ನೈಟ್’ ಪದದ ಮೊದಲಿನ ಕೆ ಅಕ್ಷರವನ್ನೂ ಜನ ಉಚ್ಚರಿಸುತ್ತಿದ್ದರು. ಉಚ್ಚಾರ ಸವೆಯಿತು, ಬರಹ ಉಳಿಯಿತು. ಹಾಗಾಗಿ ಇಂಗ್ಲಿಷ್ ಕಾಗುಣಿತ ಇಂದಿನ ಧ್ವನಿಗಿಂತ ಪದಗಳ ನಂಟಸ್ತಿಕೆಯನ್ನೇ ಹೆಚ್ಚು ಕಾಪಾಡಿಕೊಂಡಿದೆ. ಜೋಡಿಗಳ ಉದ್ದನೆಯ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಆ ನಂಟನ್ನು ಹುಡುಕುವುದು ಒಳ್ಳೆಯ ದಾರಿ.

ಮೊದಲು ನಿಮ್ಮ ತೊಡಕು ಯಾವುದೆಂದು ಗುರುತಿಸಿ

ಬ್ರಿಟನ್ನಿನ ಮಕ್ಕಳಿಗಾಗಿ ಮಾಡಿದ ಪಟ್ಟಿಗಳನ್ನು ನಮ್ಮ ಮಕ್ಕಳ ಮುಂದೆ ಹಾಗೆಯೇ ಇಡುವುದು ವ್ಯರ್ಥ ಶ್ರಮ. ನ್ಯಾಯಾಲಯದ ‘ಕೋರ್ಟ್’ ಮತ್ತು ಹಿಡಿದದ್ದು ಎಂಬರ್ಥದ ‘ಕಾಟ್’ ಲಂಡನ್ನಿನ ಕಿವಿಗೆ ಒಂದೇ. ನಾವು ರೇಫವನ್ನು ಬಿಡದೆ ಉಚ್ಚರಿಸುವುದರಿಂದ ನಮಗೆ ಅಲ್ಲಿ ಗೊಂದಲವಿಲ್ಲ. ಹಡಗಿನ ‘ಶಿಪ್’, ಕುರಿಯ ‘ಶೀಪ್’ ಅನೇಕ ಭಾಷೆಗಳವರನ್ನು ಕಾಡುತ್ತವೆ. ಹ್ರಸ್ವ ದೀರ್ಘಗಳನ್ನು ತೊದಲು ನುಡಿಯಲ್ಲೇ ಕಲಿತ ಕನ್ನಡಿಗರನ್ನು ಕಾಡುವುದಿಲ್ಲ.

ನಮ್ಮ ತೊಡಕುಗಳೇ ಬೇರೆ. ಇಂಗ್ಲಿಷಿನ ಝಡ್ ಧ್ವನಿ ಕನ್ನಡದ್ದಲ್ಲ, ಆದ್ದರಿಂದ ಬೆಲೆಯ ‘ಪ್ರೈಸ್’ ಮತ್ತು ಬಹುಮಾನದ ‘ಪ್ರೈಸ್’ ನಮ್ಮ ಬಾಯಲ್ಲಿ ಒಂದಾಗುತ್ತವೆ. ಗಂಟಲಿನ ಮೇಲೆ ಬೆರಳಿಟ್ಟು ಹೇಳಿ ನೋಡಿ: ಬಹುಮಾನದ ಪದದ ಕೊನೆಯಲ್ಲಿ ಕಂಪನ ತಿಳಿಯಬೇಕು, ಬೆಲೆಯ ಪದದ ಕೊನೆಯಲ್ಲಿ ತಿಳಿಯಬಾರದು. ಪಶ್ಚಿಮದ ‘ವೆಸ್ಟ್’ಗೆ ತುಟಿ ದುಂಡಾಗಬೇಕು, ಹಲ್ಲು ತಾಗಬಾರದು; ಬನಿಯನ್ ಎಂಬರ್ಥದ ‘ವೆಸ್ಟ್’ಗೆ ಮೇಲಿನ ಹಲ್ಲು ಕೆಳದುಟಿಯನ್ನು ಮುಟ್ಟಬೇಕು. ಕಿವಿ ಎಂಬರ್ಥದ ‘ಇಯರ್’ ನಮ್ಮಲ್ಲಿ ಹಲವರ ಬಾಯಲ್ಲಿ ಯಕಾರ ಸೇರಿಸಿಕೊಂಡು ವರ್ಷವೇ ಆಗಿಬಿಡುತ್ತದೆ. ಇವು ನಾಲಿಗೆಯ ಅಭ್ಯಾಸದಿಂದ ಸರಿಹೋಗುವಂಥವು. ಮುಂದೆ ಬರುವವು ಹಾಗಲ್ಲ.

ನೆಂಟರನ್ನು ಕೇಳಿ

ಎರಡು ಎಂಬರ್ಥದ ‘ಟೂ’ ಪದದ ನಡುವಿನ ಡಬ್ಲ್ಯು ಏಕಿದೆ ಎಂದು ಮಕ್ಕಳು ಕೇಳಿದರೆ ‘ಟ್ವೈಸ್’, ‘ಟ್ವಿನ್’, ‘ಟ್ವೆಂಟಿ’ ಪದಗಳನ್ನು ಹೇಳಿಸಿ. ಎಲ್ಲದರಲ್ಲೂ ಎರಡರ ಲೆಕ್ಕವಿದೆ, ಎಲ್ಲದರಲ್ಲೂ ಡಬ್ಲ್ಯು ಕೇಳಿಸುತ್ತದೆ. ಒಮ್ಮೆ ಇದು ಹೊಳೆದ ಮಗು ಆ ಅಕ್ಷರವನ್ನು ಮರೆಯುವುದು ಕಷ್ಟ. ವಾಸಿಯಾಗು ಎಂಬರ್ಥದ ‘ಹೀಲ್’ನಲ್ಲಿ ಇ ನಂತರ ಎ ಬರುತ್ತದೆ, ಏಕೆಂದರೆ ಅದರ ನೆಂಟ ‘ಹೆಲ್ತ್’. ಹಿಮ್ಮಡಿಯ ‘ಹೀಲ್’ಗೆ ಆ ನೆಂಟಸ್ತಿಕೆ ಇಲ್ಲ, ಎರಡು ಇ ಸಾಕು. ‘ಅಲ್ಲಿ’ ಎಂಬರ್ಥದ ‘ದೇರ್’ ಒಳಗೆ ‘ಇಲ್ಲಿ’ ಎಂಬ ‘ಹಿಯರ್’ ಪೂರ್ತಿಯಾಗಿ ಕುಳಿತಿದೆ. ‘ಎಲ್ಲಿ’ ಎಂಬರ್ಥದ ‘ವೇರ್’ನಲ್ಲೂ ಅದೇ. ಮೂರೂ ಸ್ಥಳ ಸೂಚಿಸುವ ಪದಗಳು. ‘ಅವರ’ ಎಂಬರ್ಥದ ‘ದೇರ್’ ಮಾತ್ರ ‘ದೇ’ ಎಂಬುದರ ಮನೆಯದು.

ಸ್ಟೇಷನರಿ ಅಂಗಡಿಯ ಕಥೆಯೂ ಇದೇ ಬಗೆಯದು. ಮಧ್ಯಯುಗದ ಯುರೋಪಿನಲ್ಲಿ ಊರೂರು ಸುತ್ತಿ ಮಾರುವವರು ಬಹಳ. ವಿಶ್ವವಿದ್ಯಾಲಯಗಳ ಬಳಿ ಒಂದೇ ಕಡೆ ನೆಲೆನಿಂತು ಪುಸ್ತಕ ಮಾರುತ್ತಿದ್ದವನಿಗೆ ‘ನೆಲೆನಿಂತವನು’ ಎಂಬರ್ಥದ ಲ್ಯಾಟಿನ್ ಹೆಸರು ಬಂತು, ಅದೇ ಇಂಗ್ಲಿಷಿನಲ್ಲಿ ‘ಸ್ಟೇಷನರ್’ ಆಯಿತು. ‘ಬೇಕರ್’ನಿಂದ ‘ಬೇಕರಿ’ ಆದಂತೆ ‘ಸ್ಟೇಷನರ್’ನಿಂದ ‘ಸ್ಟೇಷನರಿ’. ಅಂಗಡಿಯವನ ಇ-ಆರ್ ಅಲ್ಲಿ ಉಳಿಯಲೇಬೇಕು. ಎ-ಆರ್ ಬಂದರೆ ಅದು ಚಲಿಸದ ವಸ್ತು. ಎರಡೂ ಒಂದೇ ಬೇರಿನಿಂದ ಬಂದವು ಎಂಬುದು ನನಗೆ ಇಂದಿಗೂ ಸೊಗಸಾಗಿ ಕಾಣುತ್ತದೆ.

ಹೋಟೆಲಿನವರು ಉಚಿತವಾಗಿ ಕೊಡುವ ‘ಕಾಂಪ್ಲಿಮೆಂಟರಿ’ ತಿಂಡಿಗೆ ನಡುವೆ ಐ ಬೇಕು, ಅದು ಮೆಚ್ಚುಗೆ, ಸೌಜನ್ಯಗಳ ಕಡೆಯದು. ಇ ಹಾಕಿದರೆ ಅದು ‘ಕಂಪ್ಲೀಟ್’ನ ನೆಂಟ, ಕೊರತೆ ತುಂಬಿ ಪೂರ್ಣಗೊಳಿಸುವುದು ಎಂದರ್ಥ.

ವಾಕ್ಯದಲ್ಲಿ ಪದದ ಕೆಲಸವೇನು?

ಸಲಹೆ ಎಂಬ ನಾಮಪದ ‘ಅಡ್ವೈಸ್’ನ ಕೊನೆಯಲ್ಲಿ ಸಿ, ಸಲಹೆ ನೀಡು ಎಂಬ ಕ್ರಿಯಾಪದದಲ್ಲಿ ಎಸ್. ನಾಮಪದದ ಕೊನೆಯ ಮೂರಕ್ಷರ ಮಂಜುಗಡ್ಡೆಯ ‘ಐಸ್’, ಅದೂ ನಾಮಪದವೇ ಎಂದು ನೆನಪಿಟ್ಟರೆ ತಪ್ಪುವುದಿಲ್ಲ. ನಾವು ಅನುಸರಿಸುವ ಬ್ರಿಟಿಷ್ ರೂಢಿಯಲ್ಲಿ ‘ಪ್ರಾಕ್ಟಿಸ್’, ‘ಲೈಸೆನ್ಸ್’ ಪದಗಳಿಗೂ ಇದೇ ನಿಯಮ. 1988ರ ಮೋಟಾರು ವಾಹನ ಕಾಯ್ದೆಯ ಇಂಗ್ಲಿಷ್ ಪಾಠದಲ್ಲಿ ಚಾಲನಾ ಪರವಾನಗಿಗೆ ಸಿ ಇದೆ, ಅದನ್ನು ಕೊಡುವ ‘ಲೈಸೆನ್ಸಿಂಗ್’ ಪ್ರಾಧಿಕಾರಕ್ಕೆ ಎಸ್ ಇದೆ. ಅಮೆರಿಕದ ರೂಢಿಯಲ್ಲಿ ‘ಪ್ರಾಕ್ಟಿಸ್’ಗೆ ಎರಡೂ ಕಡೆ ಸಿ, ‘ಲೈಸೆನ್ಸ್’ಗೆ ಎರಡೂ ಕಡೆ ಎಸ್. ಒಂದು ಬರಹದಲ್ಲಿ ಒಂದೇ ರೂಢಿ ಇರಲಿ.

‘ಪ್ರಿನ್ಸಿಪಲ್’ ಜೋಡಿಯನ್ನು ‘ಮುಖ್ಯ’ ಎಂಬ ಪದವಿಟ್ಟು ಪರೀಕ್ಷಿಸಿ. ಕಾಲೇಜಿನ ಮುಖ್ಯಸ್ಥರು, ಸಾಲದ ಮುಖ್ಯ ಮೊತ್ತವಾದ ಅಸಲು, ಎರಡಕ್ಕೂ ಕೊನೆಯಲ್ಲಿ ಪಿ-ಎ-ಎಲ್. ತತ್ವ, ನಿಯಮ ಎಂಬರ್ಥಕ್ಕೆ ಮಾತ್ರ ಪಿ-ಎಲ್-ಇ. ವಿಧಾನ ಪರಿಷತ್ತು ‘ಕೌನ್ಸಿಲ್’, ಅದಕ್ಕೆ ಸಿ-ಐ-ಎಲ್. ಸಿಇಟಿ ನಂತರದ ‘ಕೌನ್ಸೆಲಿಂಗ್’ ಸಲಹೆಗೆ ಸಂಬಂಧಿಸಿದ್ದು, ಅದಕ್ಕೆ ಎಸ್-ಇ-ಎಲ್. ನ್ಯಾಯಾಲಯದಲ್ಲಿ ವಾದಿಸುವ ವಕೀಲರನ್ನು ಕರೆಯುವುದೂ ಈ ಎರಡನೆಯ ಪದದಿಂದಲೇ.

‘ಇಟ್ಸ್’ ಬರೆಯುವಾಗ ಅದನ್ನು ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂದು ಬಿಡಿಸಿ ಓದಿ. ವಾಕ್ಯ ನಿಂತರೆ ಅಕ್ಷರ ಬಿಟ್ಟುಹೋದ ಜಾಗದಲ್ಲಿ ಅಪಾಸ್ಟ್ರಫಿ (’) ಚಿಹ್ನೆ ಹಾಕಿ. ನಿಲ್ಲದಿದ್ದರೆ ಅದು ‘ಅದರ’ ಎಂಬರ್ಥದ್ದು. ‘ಹಿಸ್’ ಪದಕ್ಕೆ ಹೇಗೆ ಚಿಹ್ನೆ ಬೇಡವೋ ಹಾಗೆ ಇದಕ್ಕೂ ಬೇಡ.

ಉಕ್ತಲೇಖನ ಕೊಡುವ ಶಿಕ್ಷಕರಲ್ಲಿ, ಮನೆಯಲ್ಲಿ ಪಾಠ ಹೇಳುವ ತಂದೆತಾಯಿಗಳಲ್ಲಿ ಒಂದು ಕೋರಿಕೆ. ‘ಸೀ’ ಎಂದು ಬಿಡಿಯಾಗಿ ಹೇಳಿ ಬರೆಯಿರಿ ಎಂದರೆ ಸಮುದ್ರವನ್ನು ಬರೆಯಬೇಕೋ ನೋಡುವುದನ್ನು ಬರೆಯಬೇಕೋ ಮಗುವಿಗೆ ಹೇಗೆ ತಿಳಿಯಬೇಕು? ಇಂಥ ಪದಗಳನ್ನು ಯಾವಾಗಲೂ ಪೂರ್ತಿ ವಾಕ್ಯದಲ್ಲಿ ಕೊಡಿ. ಒಂದೇ ದಿನ ಜೋಡಿಯ ಎರಡನ್ನೂ ಕಲಿಸಬೇಡಿ. ಮೊದಲನೆಯದನ್ನು ಅದರ ನೆಂಟರೊಂದಿಗೆ ಬರೆಸಿ, ಅದು ತಡವರಿಸದೆ ಬರತೊಡಗಿದ ಮೇಲೆ ಎರಡನೆಯದನ್ನು ತನ್ನಿ.