ಮದ್ವೆಗೆ ಮುಂಚೆ ಒಂದೂವರೆ ವರ್ಷ ಒಂದೇ ಮನೇಲಿದ್ವಿ, ನನ್ನ ಅನುಭವ

ಒಟ್ಟಿಗೆ ಇರೋಣ ಅಂತ ನಾವೇನು ಕೂತು ಮಾತಾಡಿದ್ದಲ್ಲ. ಶಿವಮೊಗ್ಗದ ವಿನೋಬನಗರದಲ್ಲಿ ನಂದೊಂದು ಬಾಡಿಗೆ ಮನೆ, ಅವ್ಳು ಪಿಜಿಲಿದ್ಲು, ಆರಿದ್ರೆ ಮಳೆ ಹಿಡ್ಕೊಂಡ್ತು, ಪಿಜಿಲಿ ಬಟ್ಟೆನೇ ಒಣಗ್ತಿಲ್ಲ ಮಾರಾಯ ಅಂತ ಒಂದು ಬಕೆಟ್ ಬಟ್ಟೆ ತಂದು ನಮ್ಮ ಹಾಲಲ್ಲಿ ಹಗ್ಗ ಕಟ್ಟಿದ್ಲು, ಆಮೇಲೆ ಅಪ್ಪೆಮಿಡಿ ಭರಣಿ ಬಂತು, ಕುಕ್ಕರ್ ಬಂತು, ದಸರಾ ಹೊತ್ತಿಗೆ ಪಿಜಿ ಅಡ್ವಾನ್ಸೂ ವಾಪಸ್ ಬಂತು.

ಓನರ್ ಆಂಟಿಗೆ ನಿಶ್ಚಿತಾರ್ಥ ಆಗಿದೆ ಅಂತ ಸುಳ್ಳು ಹೇಳಿದ್ವಿ. ವಯಸ್ಸಿಗೆ ಬಂದೋರು ಹಿಂಗಿರೋದು ಅಪರಾಧ ಅಲ್ಲ ಅಂತ 2010ರಲ್ಲೇ ನಟಿ ಖುಷ್ಬೂ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದ್ರೆ ಆಂಟಿ ಮುಂದೆ ಸುಪ್ರೀಂ ಕೋರ್ಟ್ ನಡೆಯಲ್ವಲ್ಲ!

ಒದ್ದೆ ಟವೆಲ್, ಸಿಂಕಲ್ಲಿ ಪಾತ್ರೆ, ಇಂಥ ಜಗಳ ಎಲ್ಲಾರ್ ಮನೇಲೂ ಇದ್ದಿದ್ದೇ. ನಮಗೆ ನಿಜವಾಗ್ಲೂ ಪೆಟ್ಟು ಬಿದ್ದಿದ್ದು ಅಡಿಕೆ ಕೊಯ್ಲಲ್ಲಿ. ನಾನು ತೀರ್ಥಹಳ್ಳಿ ಕಡೆ ಮನೆಗೆ ಹೋದೋನು ಮೂರು ವಾರ ಬರ್ಲಿಲ್ಲ, ಬಾಡಿಗೆ ಅವ್ಳೇ ಕಟ್ಟಿದ್ಲು, ಆಂಟಿ ಪ್ರಶ್ನೆಗೂ ಅವ್ಳೇ ಉತ್ರ ಕೊಟ್ಲು. ವಾಪಸ್ ಬಂದಾಗ ಕೇಳಿದ್ಲು, "ಇಲ್ಲಿ ನಾನು ನಿಶ್ಚಯ ಆದ ಹುಡುಗಿ, ನಿಮ್ಮನೇಲಿ ನನ್ನ ಹೆಸರೇ ಗೊತ್ತಿಲ್ಲ, ಹಂಗಾದ್ರೆ ನಾನ್ ಯಾರೋ?" ನನ್ನ ಬಾಯಿಂದ ಮಾತೇ ಹೊರಡ್ಲಿಲ್ಲ.

ಅಮೆರಿಕದ ಡೆನ್ವರಲ್ಲಿ ಸ್ಕಾಟ್ ಸ್ಟ್ಯಾನ್ಲಿ, ಗಲೀನಾ ರೋಡ್ಸ್ ಅಂತ ಸಂಶೋಧಕರು ಇದನ್ನೇ ಸ್ಟಡಿ ಮಾಡಿದಾರೆ, ನಿರ್ಧಾರ ಮಾಡಿ ಒಟ್ಟಿಗಿರೋದು ಬೇರೆ, ಜಾರ್ಕೊಂಡು ಹೋಗಿ ಒಟ್ಟಿಗಿರೋದು ಬೇರೆ ಅಂತಾರೆ, ಜಾರಿದೋರಿಗೆ ಸಾಮಾನು, ಬಾಡಿಗೆ ಎಲ್ಲಾ ಸಿಕ್ಕಾಕ್ಕೊಂಡು ಬೇಡ ಅನ್ಸಿದ್ರೂ ಹೊರಗ್ ಬರೋದು ಕಷ್ಟ ಆಗುತ್ತಂತೆ. ನಮ್ದೂ ಪಾಚಿ ಮೇಲೆ ಕಾಲಿಟ್ಟಂಗೇ ಆಗಿತ್ತು.

ಆವತ್ತು ರಾತ್ರಿ ನೋಟ್‌ಬುಕ್ ತಗೊಂಡು ಕೂತ್ವಿ. ಬಾಡಿಗೆ ಅರ್ಧರ್ಧ, ಗ್ಯಾಸ್ ನಂದು, ರೇಷನ್ ಅವ್ಳದ್ದು, ಯುಗಾದಿ ಒಳಗೆ ಎರಡೂ ಮನೇಲಿ ಹೇಳೋದು, ಆಗ್ಲಿಲ್ಲ ಅಂದ್ರೆ ಅವ್ಳು ವಾಪಸ್ ಪಿಜಿಗೆ. ಕೊನೇದನ್ನ ಬರೆಸಿದ್ದು ಅವ್ಳೇ, ಪೆನ್ ಹಿಡ್ದಿದ್ದ ನನ್ನ ಕೈ ನಡುಗ್ತಿತ್ತು.

ಅಮ್ಮಂಗೆ ಫೋನ್ ಮಾಡಿ ಹೇಳ್ದೆ. "ನಿಂಗೆ ಅನ್ನ ಬೇಯ್ಸಕ್ಕೂ ಬರಲ್ಲ, ಫೋನಲ್ಲಿ ದಿನಾ ಕುಕ್ಕರ್ ಕೂಗೋದು ಕೇಳಿ ನಂಗೆ ಗೊತ್ತಾಗಿತ್ತು" ಅಂದ್ರು. ಅಪ್ಪ ನಾಲ್ಕು ತಿಂಗಳು ಮಾತಾಡ್ಲಿಲ್ಲ, ಅವ್ಳ ಮನೇಲಂತೂ ಇನ್ನೂ ದೊಡ್ಡ ರಂಪ, ಅದು ಬೇಡ ಬಿಡಿ.

ಮದ್ವೆಯಾಗಿ ಎರಡು ವರ್ಷ ಆಯ್ತು. ಲೆಕ್ಕ ಈಗ್ಲೂ ಅದೇ ನೋಟ್‌ಬುಕ್ಕಲ್ಲಿ, ಟವೆಲ್ ಜಗಳ ಮೊನ್ನೆನೂ ಆಯ್ತು.